ಧಾರವಾಡದ ವಿಡಿಯೊ ಗದಗಿನ ಟಿವಿಗೆ: ಮಲ್ಟಿಕಾಸ್ಟ್ ರೂಟಿಂಗ್ ಹಾಕುವುದು ಹೇಗೆ?

"ಸರ, ಒಂದ ಸ್ವಿಚ್‌ನ್ಯಾಗ ಚಲೋ ಬರ್ತೈತ್ರಿ, ರೂಟರ್ ದಾಟಿದ್ರ ಬರವಲ್ದು." ಹುಬ್ಬಳ್ಳಿ, ಧಾರವಾಡ, ಗದಗ ಕಡೆ ನೆಟ್‌ವರ್ಕ್ ನೋಡಿಕೊಳ್ಳುವವರಿಂದ ನನಗೆ ಅತಿ ಹೆಚ್ಚು ಬರುವ ಫೋನ್ ಇದು. ಕಾಲೇಜಿನ ಲ್ಯಾಬ್ ನೋಡುವವರು ಕೇಳುತ್ತಾರೆ. ಕೇಬಲ್ ಆಪರೇಟರ್‌ಗಳು ಕೇಳುತ್ತಾರೆ. ಹಾವೇರಿ, ರಾಣೆಬೆನ್ನೂರು ಕಡೆ ಸಿಸಿಟಿವಿ ಹಾಕುವ ಹುಡುಗರೂ ಕೇಳುತ್ತಾರೆ. ಪ್ರತಿ ಸಲ ಫೋನಿನಲ್ಲಿ ಹೇಳುವ ಬದಲು ಒಂದು ಕಡೆ ಪೂರ್ತಿ ಬರೆದಿಡುತ್ತಿದ್ದೇನೆ.

ಮೊದಲು, ಇದು ಯಾಕೆ ಬೇಕು ಅಂತ ನೋಡೋಣ. ಧಾರವಾಡದ ಸಭಾಂಗಣದಲ್ಲಿ ಒಂದು ಕಾರ್ಯಕ್ರಮ ಇದೆ. ಅದನ್ನು ಗದಗಿನ ಕಟ್ಟಡದಲ್ಲಿರುವ 40 ಟಿವಿಗಳಲ್ಲಿ ತೋರಿಸಬೇಕು. ವಿಡಿಯೊ 8 ಎಂಬಿಪಿಎಸ್ ಅಂದುಕೊಳ್ಳಿ. ಮಾಮೂಲಿ ಯುನಿಕಾಸ್ಟ್‌ನಲ್ಲಿ, ಅಂದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಪ್ರತಿ ಕಳಿಸಿದರೆ, 320 ಎಂಬಿಪಿಎಸ್ ಬೇಕು. ನಿಮ್ಮ ಹತ್ತಿರ ಇರುವ ಲೈನ್ 50 ಎಂಬಿಪಿಎಸ್. ಆಗಲ್ಲ. ಮಲ್ಟಿಕಾಸ್ಟ್‌ನಲ್ಲಿ ಲೈನ್ ಮೇಲೆ ಹೋಗುವುದು ಒಂದೇ ಪ್ರತಿ, 8 ಎಂಬಿಪಿಎಸ್ ಮತ್ತು ಅದರ ಮೇಲೆ ಸ್ವಲ್ಪ. ಹುಬ್ಬಳ್ಳಿಯಿಂದ ಗದಗಿಗೆ 40 ನೋಟಿಸ್ ಹೊತ್ತುಕೊಂಡು ಹೋಗುವ ಬದಲು ಒಂದನ್ನು ಬಸ್ಸಿನಲ್ಲಿ ಕಳಿಸಿ, ಗದಗಿನಲ್ಲೇ ಝೆರಾಕ್ಸ್ ಮಾಡಿಸಿ ಹಂಚಿದ ಹಾಗೆ. ಝೆರಾಕ್ಸ್ ಮಾಡುವ ಕೆಲಸ ರೂಟರ್ ಮತ್ತು ಸ್ವಿಚ್‌ನದು.

ಒಂದು ಮಾತು ಈಗಲೇ ತಲೆಯಲ್ಲಿಟ್ಟುಕೊಳ್ಳಿ. ಮಲ್ಟಿಕಾಸ್ಟ್‌ನಲ್ಲಿ ಕಳಿಸುವವನು ಯಾರಿಗೂ ಕಳಿಸುವುದಿಲ್ಲ, ನೋಡುವವರೇ ಎಳೆದುಕೊಳ್ಳುತ್ತಾರೆ. 1989ರ ಆರ್‌ಎಫ್‌ಸಿ 1112ರಲ್ಲಿ (ಆರ್‌ಎಫ್‌ಸಿ ಅಂದರೆ ಇಂಟರ್‌ನೆಟ್‌ನ ಪದ್ಧತಿಗಳನ್ನು ಬರೆದಿಡುವ ದಾಖಲೆ) ಸ್ಟೀವ್ ಡೀರಿಂಗ್ ಈ ಪದ್ಧತಿ ಬರೆದಾಗಿನಿಂದ ಹೀಗೇ ಇದೆ: ಕೇಳುವವರು ಯಾರು, ಎಲ್ಲಿದ್ದಾರೆ ಅನ್ನುವುದು ಕಳಿಸುವ ಮಶೀನ್‌ಗೆ ಗೊತ್ತಿರಬೇಕಾಗಿಲ್ಲ. ಟಿವಿ "ನನಗೆ ಬೇಕು" ಅನ್ನುತ್ತದೆ. ಅದರ ರೂಟರ್ ಮುಂದಿನ ರೂಟರ್‌ಗೆ "ನನಗೆ ಬೇಕು" ಅನ್ನುತ್ತದೆ. ಹೀಗೆ ದಾರಿ ಹಿಮ್ಮುಖವಾಗಿ ಕಟ್ಟಿಕೊಳ್ಳುತ್ತದೆ. ಹೆಚ್ಚಿನವರು ಕ್ಯಾಮೆರಾ ಕಡೆಯಿಂದ ಹುಡುಕಲು ಶುರು ಮಾಡುತ್ತಾರೆ, ಅದಕ್ಕೇ ದಿನಗಟ್ಟಲೆ ಸಿಗುವುದಿಲ್ಲ. ಟಿವಿ ಕಡೆಯಿಂದ ಶುರು ಮಾಡಿ.

ನಮ್ಮ ಉದಾಹರಣೆ

ಮೂರು ರೂಟರ್ ಇವೆ. ಧಾರವಾಡದ ರೂಟರ್ ಹಿಂದೆ ವಿಲ್ಯಾನ್ 20 (ವಿಲ್ಯಾನ್ ಅಂದರೆ ಸ್ವಿಚ್ ಒಳಗೇ ಬೇರೆ ಮಾಡಿಟ್ಟ ಒಂದು ನೆಟ್‌ವರ್ಕ್), ಅದರಲ್ಲಿ ವಿಡಿಯೊ ಕಳಿಸುವ ಎನ್‌ಕೋಡರ್, ವಿಳಾಸ 10.10.20.15. ನಡುವೆ ಹುಬ್ಬಳ್ಳಿ ರೂಟರ್. ಆಮೇಲೆ ಗದಗಿನ ರೂಟರ್, ಅದರ ಹಿಂದೆ ವಿಲ್ಯಾನ್ 30ರಲ್ಲಿ ಟಿವಿಗಳು. ಹುಬ್ಬಳ್ಳಿ–ಗದಗ ಲಿಂಕ್‌ನಲ್ಲಿ ಹುಬ್ಬಳ್ಳಿಯ ತುದಿ 10.0.23.1, ಗದಗಿನ ತುದಿ 10.0.23.2.

ನಿಮಗೆ ಬೇಕಾದದ್ದು: ಪಿಮ್ ಗೊತ್ತಿರುವ ರೂಟರ್‌ಗಳು (ರೂಟರ್‌ಗಳು ಮಲ್ಟಿಕಾಸ್ಟ್ ಬಗ್ಗೆ ತಮ್ಮತಮ್ಮಲ್ಲಿ ಮಾತಾಡುವ ಭಾಷೆಗೆ ಪಿಮ್ ಅನ್ನುತ್ತಾರೆ), ಐಜಿಎಂಪಿ ಸ್ನೂಪಿಂಗ್ (ಏನು ಅಂತ ಹಂತ 3ರಲ್ಲಿದೆ) ಇರುವ ಮ್ಯಾನೇಜ್ಡ್ ಸ್ವಿಚ್, ಎಲ್ಲಾ ಡಿವೈಸ್‌ಗಳ ಪಾಸ್‌ವರ್ಡ್, ಟೆಸ್ಟ್ ಮಾಡಲು ಎರಡು ಲ್ಯಾಪ್‌ಟಾಪ್. ಮನೆಗೆ ಕೊಡುವ ಅಗ್ಗದ ರೂಟರ್‌ಗಳಲ್ಲಿ ಸಾಮಾನ್ಯವಾಗಿ ಪಿಮ್ ಇರುವುದಿಲ್ಲ. ಕೊಳ್ಳುವ ಮುಂಚೆ ಡೇಟಾಶೀಟ್ ನೋಡಿ. ಸಿಸ್ಕೋದಲ್ಲಿ ಕೆಲವು ಮಾಡೆಲ್‌ಗಳಿಗೆ ಬೇರೆ ಲೈಸೆನ್ಸ್ ಬೇಕಾಗುತ್ತದೆ.

ಕಮಾಂಡ್‌ಗಳನ್ನು ಸಿಸ್ಕೋ ರೀತಿಯಲ್ಲಿ ಕೊಟ್ಟಿದ್ದೇನೆ, ಓದಲು ಸುಲಭವಾಗಲಿ ಅಂತ ಕನ್ನಡ ಅಕ್ಷರದಲ್ಲೇ. ಡಿವೈಸ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಮೈಕ್ರೋಟಿಕ್‌ನವರಿಗೂ ಲಿನಕ್ಸ್‌ನವರಿಗೂ ಅಲ್ಲಲ್ಲಿ ಹೇಳಿದ್ದೇನೆ.

ಹಂತ 1: ಗ್ರೂಪ್ ವಿಳಾಸ ಆರಿಸಿ

ಮಲ್ಟಿಕಾಸ್ಟ್‌ನಲ್ಲಿ ಒಂದು ಚಾನೆಲ್‌ಗೆ ಒಂದು ಗ್ರೂಪ್ ವಿಳಾಸ. 224.0.0.0ರಿಂದ 239.255.255.255ರವರೆಗಿನ ವಿಳಾಸಗಳೆಲ್ಲ ಇದಕ್ಕೇ ಮೀಸಲು. ನಿಮ್ಮ ಸ್ವಂತ ನೆಟ್‌ವರ್ಕ್ ಒಳಗೆ ಬಳಸಲು 239ರಿಂದ ಶುರುವಾಗುವುದನ್ನೇ ತಗೊಳ್ಳಿ. ನಾವಿಲ್ಲಿ 239.20.1.10 ಇಟ್ಟುಕೊಳ್ಳೋಣ.

224.0.0 ಅಂತ ಶುರುವಾಗುವ ವಿಳಾಸ ಯಾವತ್ತೂ ಬೇಡ. ಅದು ರೂಟರ್‌ಗಳ ಸ್ವಂತ ಮಾತಿಗೆ ಇರುವುದು. ಓಎಸ್‌ಪಿಎಫ್ (ರೂಟರ್‌ಗಳು ಒಂದಕ್ಕೊಂದು ದಾರಿ ಹೇಳಿಕೊಳ್ಳುವ ಪದ್ಧತಿ) 224.0.0.5ರಲ್ಲಿ ಮಾತಾಡುತ್ತದೆ, ಪಿಮ್ 224.0.0.13ರಲ್ಲಿ. ಇವನ್ನು ಯಾವ ರೂಟರ್ ಕೂಡ ಆಚೆ ದಾಟಿಸುವುದಿಲ್ಲ.

ಇನ್ನೊಂದು ಗುಂಡಿ ಇದೆ, ಸುಮಾರು ಜನ ಬೀಳುತ್ತಾರೆ. ಸ್ವಿಚ್ ನೋಡುವುದು ಮ್ಯಾಕ್ ವಿಳಾಸ, ಅಂದರೆ ಹಾರ್ಡ್‌ವೇರ್ ವಿಳಾಸ. ಗ್ರೂಪ್ ವಿಳಾಸದ ಕೊನೆಯ 23 ಬಿಟ್ ಮಾತ್ರ ಮ್ಯಾಕ್‌ಗೆ ಇಳಿಯುತ್ತವೆ. ಹಾಗಾಗಿ 32 ಗ್ರೂಪ್‌ಗಳಿಗೆ ಒಂದೇ ಮ್ಯಾಕ್ ಬರುತ್ತದೆ. 239.20.1.10 ಮತ್ತು 239.148.1.10 ಎರಡರದೂ ಒಂದೇ ಮ್ಯಾಕ್. ಎರಡನ್ನೂ ಬಳಸಿದರೆ, ಮ್ಯಾಕ್ ನೋಡಿ ಹಂಚುವ ಸ್ವಿಚ್ ಒಂದನ್ನು ಕೇಳಿದವರಿಗೆ ಇನ್ನೊಂದನ್ನೂ ತುಂಬುತ್ತದೆ. ಇದೇ ಕಾರಣಕ್ಕೆ 239.0.0 ಮತ್ತು 239.128.0 ಅಂತ ಶುರುವಾಗುವುದನ್ನೂ ಬಿಡಿ. ಅವು 224.0.0ರ ಮ್ಯಾಕ್ ಜೊತೆ ಕೂಡಿಕೊಳ್ಳುತ್ತವೆ, ಆಗ ಸ್ವಿಚ್ ಎಲ್ಲಾ ಪೋರ್ಟ್‌ಗೂ ಸುರಿಯುವ ಸಾಧ್ಯತೆ ಜಾಸ್ತಿ.

ಹಂತ 2: ಮಾಮೂಲಿ ದಾರಿ ಮೊದಲು ಸರಿಯಿರಲಿ

ಪಿಮ್‌ಗೆ ತನ್ನದೇ ಆದ ರೂಟಿಂಗ್ ಟೇಬಲ್ ಇಲ್ಲ. ನಿಮ್ಮ ಓಎಸ್‌ಪಿಎಫ್ ಅಥವಾ ಸ್ಟ್ಯಾಟಿಕ್ ರೂಟ್ (ಕೈಯಿಂದ ಬರೆದ ದಾರಿ) ಕಟ್ಟಿದ ಟೇಬಲ್ ನೋಡಿಕೊಂಡೇ ಅದು ನಡೆಯುತ್ತದೆ. ಗದಗಿನ ರೂಟರ್‌ನಿಂದ 10.10.20.15ಕ್ಕೆ ಪಿಂಗ್ ಹೋಗದಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ.

ಊರು ಊರಿನ ನಡುವಿನ ಲಿಂಕ್ ಯಾವ ಥರದ್ದು ಅಂತಲೂ ಈಗಲೇ ವಿಚಾರಿಸಿ. ಸ್ವಂತ ಫೈಬರ್ ಅಥವಾ ಪಾಯಿಂಟ್ ಟು ಪಾಯಿಂಟ್ ಲೀಸ್ಡ್ ಲೈನ್ ಆದರೆ ತೊಂದರೆ ಇಲ್ಲ. ಇಂಟರ್‌ನೆಟ್ ಮೇಲೆ ಐಪಿಸೆಕ್ ವಿಪಿಎನ್ ಮಾತ್ರ ಹಾಕಿದ್ದರೆ ಮಲ್ಟಿಕಾಸ್ಟ್ ಹಾಗೇ ದಾಟುವುದಿಲ್ಲ. ಅದಕ್ಕೆ ಜಿಆರ್‌ಇ ಟನಲ್ ಬೇಕು, ಅಂದರೆ ಪ್ಯಾಕೆಟ್ಟನ್ನು ಇನ್ನೊಂದು ಪ್ಯಾಕೆಟ್ಟಿನ ಲಕೋಟೆಯಲ್ಲಿಟ್ಟು ಕಳಿಸುವ ದಾರಿ. ಜಿಆರ್‌ಇ ಹಾಕಿದರೆ ಎರಡು ವಿಷಯ ನೆನಪಿರಲಿ. ಒಂದು, ಲಕೋಟೆಗೇ 24 ಬೈಟ್ ಹೋಗುತ್ತದೆ, 1500ರಲ್ಲಿ ಉಳಿಯುವುದು 1476. ವಿಡಿಯೊ ಪ್ಯಾಕೆಟ್‌ಗಳು ಸಾಮಾನ್ಯವಾಗಿ 188 ಬೈಟ್‌ನ 7 ತುಂಡು ಸೇರಿ 1316 ಬೈಟ್ ಇರುವುದರಿಂದ ಹೆಡರ್ ಸೇರಿದರೂ ಹಿಡಿಸುತ್ತವೆ. ಎರಡನೆಯದು, ಧಾರವಾಡದ ನೆಟ್‌ವರ್ಕ್‌ಗೆ ಹೋಗುವ ರೂಟ್ ಟನಲ್ ಕಡೆಗೇ ಇರಬೇಕು. ಯಾಕೆ ಅನ್ನುವುದು ಹಂತ 7ರಲ್ಲಿ ಬರುತ್ತದೆ.

ಹಂತ 3: ಟಿವಿ ಇರುವ ಸ್ವಿಚ್

ಟಿವಿ "ಈ ಗ್ರೂಪ್ ಬೇಕು" ಅನ್ನುವ ಭಾಷೆ ಐಜಿಎಂಪಿ. ಸ್ವಿಚ್ ಆ ಮಾತನ್ನು ಕದ್ದು ಕೇಳಿ, ಕೇಳಿದ ಪೋರ್ಟ್‌ಗೆ ಮಾತ್ರ ವಿಡಿಯೊ ಬಿಡುವುದಕ್ಕೆ ಸ್ನೂಪಿಂಗ್ ಅನ್ನುತ್ತಾರೆ. ಸ್ನೂಪಿಂಗ್ ಆನ್ ಮಾಡಿ. ಇಲ್ಲದಿದ್ದರೆ ಸ್ವಿಚ್ ಎಲ್ಲಾ ಪೋರ್ಟ್‌ಗೂ ಸುರಿಯುತ್ತದೆ, 100 ಎಂಬಿಪಿಎಸ್ ಪೋರ್ಟ್‌ನ ಹಳೇ ಪ್ರಿಂಟರ್, ಕ್ಯಾಮೆರಾಗಳು ಉಸಿರು ಕಟ್ಟಿ ಕೂರುತ್ತವೆ. ಮೈಕ್ರೋಟಿಕ್ ಬ್ರಿಡ್ಜ್‌ನಲ್ಲಿ ಇದು ಮೊದಲಿಂದ ಆಫ್ ಇರುತ್ತದೆ, ನೀವೇ ಆನ್ ಮಾಡಬೇಕು.

ಸ್ನೂಪಿಂಗ್ ಜೊತೆಗೆ ಕ್ವೆರಿಯರ್ ಇರಲೇಬೇಕು. "ಇನ್ನೂ ಯಾರಿಗೆ ಬೇಕು?" ಅಂತ ಆಗಾಗ ಕೂಗುವವನೇ ಕ್ವೆರಿಯರ್. ಅವನು ಕೂಗಿದರೆ ತಾನೇ ಟಿವಿಗಳು "ನನಗೆ ಬೇಕು" ಅಂತ ಉತ್ತರ ಕೊಡುವುದು! ಉತ್ತರ ಬರದಿದ್ದರೆ ಸ್ವಿಚ್ ಆ ಪೋರ್ಟನ್ನು ಪಟ್ಟಿಯಿಂದ ತೆಗೆಯುತ್ತದೆ.

ಇದರ ಗುರುತು ಬಹಳ ಸುಲಭ. ಟಿವಿ ಹಚ್ಚಿದ ಕೂಡಲೇ ಚಿತ್ರ ಚೆನ್ನಾಗಿ ಬರುತ್ತದೆ. ನಾಲ್ಕು ನಿಮಿಷ ಚಿಲ್ಲರೆ ಆದ ಮೇಲೆ ಗಕ್ಕನೆ ನಿಲ್ಲುತ್ತದೆ. ಚಾನೆಲ್ ಬದಲಿಸಿ ಮತ್ತೆ ಬಂದರೆ ಮತ್ತೆ ನಾಲ್ಕು ನಿಮಿಷ. ಐಜಿಎಂಪಿಯ ಮೂಲ ಲೆಕ್ಕದಲ್ಲಿ 125 ಸೆಕೆಂಡಿಗೊಮ್ಮೆ ಕೂಗು, ಎರಡು ಕೂಗು ತಪ್ಪಿ ಮೇಲೆ 10 ಸೆಕೆಂಡ್ ಆದರೆ ಹೆಸರು ಅಳಿಸು, ಒಟ್ಟು 260 ಸೆಕೆಂಡ್. ಡಿವೈಸ್ ಪ್ರಕಾರ ಈ ಲೆಕ್ಕ ಸ್ವಲ್ಪ ಬದಲಾಗಬಹುದು. ಆದರೆ ಪ್ರತಿ ಸಲ ಅಷ್ಟೇ ಹೊತ್ತಿಗೆ ನಿಂತರೆ ಕೇಬಲ್ ಬದಲಿಸುತ್ತ ಕೂರಬೇಡಿ, ಕ್ವೆರಿಯರ್ ಇದೆಯಾ ನೋಡಿ.

ನೋಡುವ ಕಮಾಂಡ್: ಶೋ ಐಪಿ ಐಜಿಎಂಪಿ ಸ್ನೂಪಿಂಗ್ ಕ್ವೆರಿಯರ್. ವಿಲ್ಯಾನ್ 30ರ ಎದುರು ಒಂದು ವಿಳಾಸ ಕಾಣಬೇಕು. ಮುಂದಿನ ಹಂತದಲ್ಲಿ ರೂಟರ್‌ನ ಆ ಇಂಟರ್‌ಫೇಸ್‌ಗೆ ಪಿಮ್ ಹಾಕಿದರೆ ರೂಟರ್ ತಾನೇ ಕ್ವೆರಿಯರ್ ಆಗುತ್ತದೆ. ರೂಟರ್ ಇಲ್ಲದ, ಬರೀ ಕ್ಯಾಮೆರಾ ಮತ್ತು ರೆಕಾರ್ಡರ್ ಇರುವ ವಿಲ್ಯಾನ್ ಆದರೆ ಸ್ವಿಚ್‌ನಲ್ಲೇ ಕ್ವೆರಿಯರ್ ಆನ್ ಮಾಡಬೇಕು.

ಐಜಿಎಂಪಿಯ ಯಾವ ವರ್ಷನ್? ಇಲ್ಲಿ ಹೇಳುತ್ತಿರುವ ಪದ್ಧತಿಗೆ 2 ಸಾಕು. ಅಗ್ಗದ ಸ್ವಿಚ್‌ಗಳಿಗೆ ಅದೇ ಸರಿಯಾಗಿ ಅರ್ಥವಾಗುತ್ತದೆ.

ಹಂತ 4: ರೂಟರ್‌ಗಳಲ್ಲಿ ಪಿಮ್

ಮೂರೂ ರೂಟರ್‌ನಲ್ಲಿ ಮೊದಲು ಮಲ್ಟಿಕಾಸ್ಟ್ ಆನ್ ಮಾಡಿ: ಐಪಿ ಮಲ್ಟಿಕಾಸ್ಟ್-ರೂಟಿಂಗ್. ಕೆಲವು ಮಾಡೆಲ್‌ಗಳಲ್ಲಿ ಕೊನೆಗೆ ಡಿಸ್ಟ್ರಿಬ್ಯೂಟೆಡ್ ಅಂತ ಸೇರಿಸಬೇಕು.

ಆಮೇಲೆ ವಿಡಿಯೊ ಹಾಯುವ ಪ್ರತಿ ಇಂಟರ್‌ಫೇಸ್ ಒಳಗೆ: ಐಪಿ ಪಿಮ್ ಸ್ಪಾರ್ಸ್-ಮೋಡ್. ಸ್ಪಾರ್ಸ್ ಅಂದರೆ ಕೇಳಿದವರಿಗೆ ಮಾತ್ರ ಕೊಡು. ಹಳೇ ಪುಸ್ತಕಗಳಲ್ಲಿ ಡೆನ್ಸ್ ಮೋಡ್ ಅಂತಲೂ ಇರುತ್ತದೆ. ಅದು ಮೊದಲು ಎಲ್ಲಾ ಕಡೆ ಸುರಿದು ಆಮೇಲೆ ಬೇಡದ ಕಡೆ ನಿಲ್ಲಿಸುವ ಪದ್ಧತಿ. 50 ಎಂಬಿಪಿಎಸ್ ಲೈನ್ ಇರುವವರು ಅದರ ತಂಟೆಗೆ ಹೋಗಬಾರದು.

"ಪ್ರತಿ ಇಂಟರ್‌ಫೇಸ್" ಅಂದಾಗ ಜನ ಬಿಟ್ಟುಬಿಡುವುದು ಎರಡನ್ನು. ಒಂದು, ಎನ್‌ಕೋಡರ್ ಇರುವ ಧಾರವಾಡದ ವಿಲ್ಯಾನ್ 20. "ಅಲ್ಲಿ ರೂಟರ್ ಇಲ್ಲವಲ್ಲ, ಪಿಮ್ ಯಾಕೆ?" ಅನ್ನುತ್ತಾರೆ. ಬೇಕು. ಅಲ್ಲಿ ಪಿಮ್ ಇಲ್ಲದಿದ್ದರೆ ರೂಟರ್ ಎನ್‌ಕೋಡರ್‌ನ ಪ್ಯಾಕೆಟ್ಟನ್ನು ಒಳಗೇ ತಗೊಳ್ಳುವುದಿಲ್ಲ. ಇನ್ನೊಂದು, ಟಿವಿಗಳ ವಿಲ್ಯಾನ್ 30. ಅಲ್ಲಿ ಪಿಮ್ ಹಾಕಿದರೇ ಐಜಿಎಂಪಿ ಕೂಡ ಶುರುವಾಗುವುದು.

ಇಂಟರ್‌ನೆಟ್ ಕಂಪನಿಯ ಕಡೆ ಮುಖ ಮಾಡಿದ ಇಂಟರ್‌ಫೇಸ್‌ಗೆ ಮಾತ್ರ ಪಿಮ್ ಹಾಕಬೇಡಿ.

ಮೈಕ್ರೋಟಿಕ್‌ನ ರೂಟರ್‌ಓಎಸ್ 7ರಲ್ಲಿ ರೂಟಿಂಗ್ ಮೆನು ಒಳಗೆ ಪಿಮ್ ಎಸ್‌ಎಂ ಇದೆ. ಅಲ್ಲಿ ಮೊದಲು ಇನ್‌ಸ್ಟನ್ಸ್, ಆಮೇಲೆ ಇಂಟರ್‌ಫೇಸ್ ಟೆಂಪ್ಲೇಟ್ ಮಾಡಿ. ಲಿನಕ್ಸ್‌ನಲ್ಲಿ ಎಫ್‌ಆರ್‌ಆರ್ ಹಾಕಿ, ಅದರ ಡೀಮನ್ಸ್ ಫೈಲ್‌ನಲ್ಲಿ ಪಿಮ್‌ಡಿಯನ್ನು ಯೆಸ್ ಮಾಡಿ. ಎರಡರಲ್ಲೂ ಫೈರ್‌ವಾಲ್ ಇದ್ದರೆ ಐಜಿಎಂಪಿ ಅಂದರೆ ಪ್ರೋಟೋಕಾಲ್ ನಂಬರ್ 2, ಪಿಮ್ ಅಂದರೆ 103, ಇವೆರಡನ್ನೂ ಇನ್‌ಪುಟ್‌ನಲ್ಲಿ ಬಿಡಿ. ಗ್ರೂಪ್ ವಿಳಾಸದ ಯುಡಿಪಿಯನ್ನು ಫಾರ್ವರ್ಡ್‌ನಲ್ಲಿ ಬಿಡಿ.

ಪರೀಕ್ಷೆ: ಶೋ ಐಪಿ ಪಿಮ್ ನೈಬರ್. ಹುಬ್ಬಳ್ಳಿ ರೂಟರ್‌ನಲ್ಲಿ ಧಾರವಾಡ ಮತ್ತು ಗದಗ ಎರಡೂ ಕಾಣಬೇಕು. ರೂಟರ್‌ಗಳು 30 ಸೆಕೆಂಡಿಗೊಮ್ಮೆ ಹಲೋ ಅನ್ನುತ್ತವೆ, ಹಾಗಾಗಿ ಒಂದು ನಿಮಿಷ ಕಾಯಿರಿ. ಒಂದೇ ಕಾಣುತ್ತಿದ್ದರೆ ಇನ್ನೊಂದು ಲಿಂಕ್‌ನಲ್ಲಿ ಮಲ್ಟಿಕಾಸ್ಟ್ ದಾಟುತ್ತಿಲ್ಲ, ಹಂತ 2ಕ್ಕೆ ವಾಪಸ್ ಹೋಗಿ.

ಹಂತ 5: ಆರ್‌ಪಿ, ಅಂದರೆ ಭೇಟಿಯ ಜಾಗ

ಗದಗಿನ ಟಿವಿಗೆ 239.20.1.10 ಬೇಕು ಅಂತ ಗೊತ್ತು. ಅದನ್ನು ಕಳಿಸುತ್ತಿರುವವನು 10.10.20.15 ಅಂತ ಗೊತ್ತಿಲ್ಲ. ಇಬ್ಬರನ್ನೂ ಭೇಟಿ ಮಾಡಿಸುವ ರೂಟರ್‌ಗೆ ರಾಂದೆವೂ ಪಾಯಿಂಟ್, ಚಿಕ್ಕದಾಗಿ ಆರ್‌ಪಿ ಅನ್ನುತ್ತಾರೆ. ಧಾರವಾಡದ ರೂಟರ್ "ನನ್ನ ಹತ್ತಿರ ಈ ಗ್ರೂಪ್‌ನ ವಿಡಿಯೊ ಇದೆ" ಅಂತ ಆರ್‌ಪಿಗೆ ಹೇಳುತ್ತದೆ, ಗದಗಿನ ರೂಟರ್ "ನನಗೆ ಬೇಕು" ಅಂತ ಆರ್‌ಪಿಗೇ ಹೇಳುತ್ತದೆ.

ನಡುವೆ ಇರುವ ಹುಬ್ಬಳ್ಳಿಯನ್ನೇ ಆರ್‌ಪಿ ಮಾಡೋಣ. ಅದರಲ್ಲಿ ಒಂದು ಲೂಪ್‌ಬ್ಯಾಕ್ ಇಂಟರ್‌ಫೇಸ್ (ಕೇಬಲ್ ಇಲ್ಲದ, ರೂಟರ್ ಒಳಗೇ ಇರುವ ಇಂಟರ್‌ಫೇಸ್) ಮಾಡಿ 10.255.0.1 ಕೊಡಿ. ಲೂಪ್‌ಬ್ಯಾಕ್ ಯಾಕೆ ಅಂದರೆ, ಯಾವ ಕೇಬಲ್ ಕಿತ್ತರೂ ಅದು ಡೌನ್ ಆಗುವುದಿಲ್ಲ. ಆ ಲೂಪ್‌ಬ್ಯಾಕ್‌ಗೂ ಐಪಿ ಪಿಮ್ ಸ್ಪಾರ್ಸ್-ಮೋಡ್ ಹಾಕಿ. ಅದರ ವಿಳಾಸವನ್ನು ಓಎಸ್‌ಪಿಎಫ್‌ಗೆ ಸೇರಿಸಿ. ಧಾರವಾಡ, ಗದಗ ಎರಡೂ ಕಡೆಯಿಂದ 10.255.0.1ಕ್ಕೆ ಪಿಂಗ್ ಹೋಗಬೇಕು.

ನಂತರ ಮೂರೂ ರೂಟರ್‌ನಲ್ಲಿ: ಐಪಿ ಪಿಮ್ ಆರ್‌ಪಿ-ಅಡ್ರೆಸ್ 10.255.0.1.

ಮೂರೂ ಅಂದರೆ ಮೂರೂ. ಹುಬ್ಬಳ್ಳಿ ರೂಟರ್‌ಗೆ ತಾನೇ ಆರ್‌ಪಿ ಅಂತ ಗೊತ್ತಾಗಬೇಕಾದರೆ ಅಲ್ಲೂ ಈ ಸಾಲು ಬೇಕು. ರೂಟರ್ ಜಾಸ್ತಿ ಆದರೆ ಆರ್‌ಪಿಯನ್ನು ತಾನಾಗೇ ಹಂಚುವ ಬಿಎಸ್‌ಆರ್ ಅನ್ನುವ ಪದ್ಧತಿ ಇದೆ. ನಾಲ್ಕೈದು ರೂಟರ್ ಇರುವವರಿಗೆ ಕೈಯಿಂದ ಬರೆಯುವುದೇ ಒಳ್ಳೆಯದು. ತಪ್ಪಿದ್ದು ಎಲ್ಲಿ ಅಂತ ಕಣ್ಣಿಗೆ ಕಾಣುತ್ತದೆ.

ಹಂತ 6: ಕಳಿಸುವ ಕಡೆ

ಇಲ್ಲಿ ಒಂದೇ ಒಂದು ನಂಬರ್ ಮೇಲೆ ಇಡೀ ಕೆಲಸ ನಿಂತಿದೆ: ಟಿಟಿಎಲ್. ಪ್ಯಾಕೆಟ್ ಎಷ್ಟು ರೂಟರ್ ದಾಟಬಹುದು ಅನ್ನುವ ಲೆಕ್ಕ ಅದು. ಪ್ರತಿ ರೂಟರ್ ಒಂದು ಕಳೆಯುತ್ತದೆ, ಸೊನ್ನೆ ಆದರೆ ಬಿಸಾಡುತ್ತದೆ. ಮಲ್ಟಿಕಾಸ್ಟ್ ಪ್ಯಾಕೆಟ್‌ಗೆ ಆಪರೇಟಿಂಗ್ ಸಿಸ್ಟಮ್ ಸಾಮಾನ್ಯವಾಗಿ ಕೊಡುವ ಟಿಟಿಎಲ್ 1. ಅಂದರೆ ಮೊದಲ ರೂಟರ್‌ನಲ್ಲೇ ಮುಗೀತು. "ಒಂದ ಸ್ವಿಚ್‌ನ್ಯಾಗ ಬರ್ತೈತಿ, ರೂಟರ್ ದಾಟಿದ್ರ ಬರವಲ್ದು" ಅನ್ನುವ ಫೋನ್‌ಗೆ ನಾನು ಮೊದಲು ಕೇಳುವ ಪ್ರಶ್ನೆ ಇದೇ. ಒಂದು ಕಾಲೇಜಿನಲ್ಲಿ ಎಲ್ಲಾ ರೂಟರ್ ಸರಿಯಿದ್ದು, ಸಂಜೆಯಿಂದ ರಾತ್ರಿ ಹನ್ನೊಂದರವರೆಗೆ ಹುಡುಕಿ, ಕೊನೆಗೆ ಎನ್‌ಕೋಡರ್ ಪುಟದ ಮೂಲೆಯಲ್ಲಿ ಟಿಟಿಎಲ್ 1 ಅಂತ ಇದ್ದದ್ದು ಸಿಕ್ಕಿತ್ತು. ಎನ್‌ಕೋಡರ್‌ನಲ್ಲಿ, ವಿಎಲ್‌ಸಿಯಲ್ಲಿ, ಎಲ್ಲಿಂದ ಕಳಿಸುತ್ತೀರೋ ಅಲ್ಲಿ 16 ಮಾಡಿ.

ಎನ್‌ಕೋಡರ್ ಬರುವ ಮುಂಚೆ ಲ್ಯಾಪ್‌ಟಾಪ್‌ನಿಂದ ಪರೀಕ್ಷೆ ಮಾಡಲು ಐಪರ್ಫ್ ಅನ್ನುವ ನೆಟ್‌ವರ್ಕ್ ಪರೀಕ್ಷೆಯ ಸಾಫ್ಟ್‌ವೇರ್‌ನ ವರ್ಷನ್ 2 ಒಳ್ಳೆಯದು. ವರ್ಷನ್ 3ರಲ್ಲಿ ಮಲ್ಟಿಕಾಸ್ಟ್ ಇಲ್ಲ, ಅದನ್ನು ಹಾಕಿ ತಲೆ ಕೆಡಿಸಿಕೊಳ್ಳಬೇಡಿ. ಗದಗಿನ ಲ್ಯಾಪ್‌ಟಾಪ್‌ನಲ್ಲಿ ಸರ್ವರ್ ಆಗಿ ಗ್ರೂಪ್ ವಿಳಾಸಕ್ಕೆ ಬೈಂಡ್ ಮಾಡಿ, ಧಾರವಾಡದ ಲ್ಯಾಪ್‌ಟಾಪ್‌ನಲ್ಲಿ ಕ್ಲೈಂಟ್ ಆಗಿ 1 ಎಂಬಿಪಿಎಸ್ ಯುಡಿಪಿ ಕಳಿಸಿ. ಟಿಟಿಎಲ್ ಕೊಡುವ ಆಯ್ಕೆ ದೊಡ್ಡಕ್ಷರದ ಟಿ. ಅದನ್ನು ಮರೆತರೆ ಇಲ್ಲೂ 1.

ಲ್ಯಾಪ್‌ಟಾಪ್‌ನಲ್ಲಿ ವೈಫೈ ಮತ್ತು ಕೇಬಲ್ ಎರಡೂ ಇದ್ದರೆ ಪರೀಕ್ಷೆ ಮುಗಿಯುವವರೆಗೆ ವೈಫೈ ಆಫ್ ಮಾಡಿ. "ನನಗೆ ಬೇಕು" ಅನ್ನುವ ಮಾತು ವೈಫೈ ಕಡೆ ಹೋಗಿ, ನೀವು ಕೇಬಲ್ ಕಡೆ ಕಾಯುತ್ತ ಕೂರುವುದು ಬಹಳ ಕಂಡಿದ್ದೇನೆ.

ಹಂತ 7: ಟೇಬಲ್ ಓದುವುದು

ಈಗ ಗದಗಿನ ರೂಟರ್‌ಗೆ ಹೋಗಿ. ಮೊದಲು ಶೋ ಐಪಿ ಐಜಿಎಂಪಿ ಗ್ರೂಪ್ಸ್. ವಿಲ್ಯಾನ್ 30ರಲ್ಲಿ 239.20.1.10 ಇರಬೇಕು. ಇಲ್ಲದಿದ್ದರೆ ಟಿವಿಯ ಮಾತು ರೂಟರ್‌ವರೆಗೆ ಬಂದೇ ಇಲ್ಲ, ಹಂತ 3 ನೋಡಿ.

ಇದ್ದರೆ, ಶೋ ಐಪಿ ಎಂರೂಟ್ 239.20.1.10. ಎರಡು ತುಣುಕು ಬರುತ್ತವೆ. ಸ್ಟಾರ್ ಕಾಮಾ ಜಿ ಅನ್ನುವುದು "ಯಾರು ಕಳಿಸಿದರೂ ಸರಿ, ಈ ಗ್ರೂಪ್ ಬೇಕು" ಅನ್ನುವ ದಾರಿ, ಆರ್‌ಪಿ ಕಡೆಗೆ. ಎಸ್ ಕಾಮಾ ಜಿ ಅನ್ನುವುದು ಕಳಿಸುವವನ ವಿಳಾಸ ಗೊತ್ತಾದ ಮೇಲಿನ ನೇರ ದಾರಿ. ಎಲ್ಲಾ ಸರಿಯಿದ್ದಾಗ ಎರಡನೆಯದು ಹೀಗಿರುತ್ತದೆ:

(10.10.20.15, 239.20.1.10)
ಇನ್‌ಕಮಿಂಗ್ ಇಂಟರ್‌ಫೇಸ್: ಗಿಗಾಬಿಟ್‌ಈಥರ್‌ನೆಟ್ 0/1, ಆರ್‌ಪಿಎಫ್ ನೈಬರ್ 10.0.23.1
ಔಟ್‌ಗೋಯಿಂಗ್ ಇಂಟರ್‌ಫೇಸ್ ಲಿಸ್ಟ್: ವಿಲ್ಯಾನ್ 30, ಫಾರ್ವರ್ಡ್

ಒಳಗೆ ಬರುವ ಬಾಗಿಲು ಒಂದು, ಹೊರಗೆ ಹೋಗುವ ಬಾಗಿಲುಗಳ ಪಟ್ಟಿ ಒಂದು. ಹೊರಗಿನ ಪಟ್ಟಿಯಲ್ಲಿ ನಲ್ ಅಂತಿದ್ದರೆ ಕೇಳುವವರು ಯಾರೂ ಇಲ್ಲ. ಸ್ಟಾರ್ ಸಾಲಿನಲ್ಲಿ ಒಳಬಾಗಿಲು ನಲ್ ಅಂತಿದ್ದರೆ ಆರ್‌ಪಿಗೆ ದಾರಿ ಇಲ್ಲ. ಆದರೆ ಇದನ್ನು ಆರ್‌ಪಿ ರೂಟರ್‌ನಲ್ಲೇ ನೋಡಿ ಗಾಬರಿಯಾಗಬೇಡಿ, ಅಲ್ಲಿ ನಲ್ ಇರುವುದೇ ಸರಿ. ಎಸ್ ಸಾಲು ಬಂದೇ ಇಲ್ಲ, ಸ್ಟಾರ್ ಸಾಲು ಮಾತ್ರ ಇದೆ ಅಂದರೆ ಇನ್ನೂ ವಿಡಿಯೊ ಇಲ್ಲಿಗೆ ಮುಟ್ಟಿಲ್ಲ. ಹುಬ್ಬಳ್ಳಿಗೆ ಹೋಗಿ ಅದೇ ಕಮಾಂಡ್ ಹಾಕಿ, ಅಲ್ಲೂ ಇಲ್ಲದಿದ್ದರೆ ಧಾರವಾಡಕ್ಕೆ. ಎಸ್ ಸಾಲು ಎಲ್ಲಿ ಇದೆ, ಎಲ್ಲಿ ಇಲ್ಲ, ಆ ಎರಡರ ನಡುವೆಯೇ ತೊಂದರೆ.

ಈಗ ಮೇಲಿನ ಸಾಲಿನಲ್ಲಿ ಕಂಡ ಆರ್‌ಪಿಎಫ್, ಅಂದರೆ ರಿವರ್ಸ್ ಪಾಥ್ ಫಾರ್ವರ್ಡಿಂಗ್. ಇದು ಅರ್ಥವಾದರೆ ಮಲ್ಟಿಕಾಸ್ಟ್ ಅರ್ಧ ಬಂತು. ಪ್ಯಾಕೆಟ್ ಬಂದಾಗ ರೂಟರ್ ಒಂದು ಪ್ರಶ್ನೆ ಕೇಳುತ್ತದೆ: "ಈ 10.10.20.15ಕ್ಕೆ ನಾನು ಏನಾದರೂ ಕಳಿಸಬೇಕಾದರೆ ಯಾವ ಬಾಗಿಲಿಂದ ಕಳಿಸುತ್ತಿದ್ದೆ?" ಪ್ಯಾಕೆಟ್ ಅದೇ ಬಾಗಿಲಿಂದ ಬಂದಿದ್ದರೆ ಒಳಗೆ ಬಿಡುತ್ತದೆ. ಬೇರೆ ಬಾಗಿಲಿಂದ ಬಂದಿದ್ದರೆ ಬಿಸಾಡುತ್ತದೆ. ಒಂದೇ ಪ್ಯಾಕೆಟ್ ಸುತ್ತು ಹೊಡೆದು ಎರಡೆರಡು ಆಗಿ ಲೈನ್ ತುಂಬದಿರಲಿ ಅಂತ ಈ ಕಾವಲು.

ತೊಂದರೆ ಬರುವುದು ಎರಡು ದಾರಿ ಇದ್ದಾಗ. ಗದಗಿನ ರೂಟರ್‌ಗೆ ಹುಬ್ಬಳ್ಳಿ ಲಿಂಕ್ ಜೊತೆಗೆ ಹಾವೇರಿ ಮೇಲೆ ಹಾದು ಬರುವ ಬ್ಯಾಕಪ್ ಲಿಂಕ್ ಇದೆ ಅಂದುಕೊಳ್ಳಿ. ಯಾರೋ ಹಿಂದೊಮ್ಮೆ ಧಾರವಾಡದ ನೆಟ್‌ವರ್ಕ್‌ಗೆ ಸ್ಟ್ಯಾಟಿಕ್ ರೂಟ್ ಅನ್ನು ಹಾವೇರಿ ಕಡೆ ಹಾಕಿ ಮರೆತಿದ್ದಾರೆ. ಪಿಂಗ್ ಚೆನ್ನಾಗಿ ಹೋಗುತ್ತದೆ. ಆದರೆ ಗದಗಿನ ರೂಟರ್ "ನನಗೆ ಬೇಕು" ಅಂತ ಹಾವೇರಿ ಕಡೆ ನೋಡುತ್ತದೆ, ಅಲ್ಲಿ ಪಿಮ್ ಇಲ್ಲ. ಹುಬ್ಬಳ್ಳಿಯಿಂದ ವಿಡಿಯೊ ಬಂದರೂ ತಪ್ಪು ಬಾಗಿಲು ಅಂತ ಬಿಸಾಡುತ್ತದೆ. ಜಿಆರ್‌ಇ ಟನಲ್‌ನಲ್ಲೂ ಇದೇ ಕಥೆ: ಪಿಮ್ ಟನಲ್ ಮೇಲೆ, ರೂಟ್ ಮಾತ್ರ ಬೇರೆ ಕಡೆ.

ಹಿಡಿಯುವುದು ಸುಲಭ. ಶೋ ಐಪಿ ಆರ್‌ಪಿಎಫ್ 10.10.20.15 ಹಾಕಿ, ಯಾವ ಇಂಟರ್‌ಫೇಸ್ ತೋರಿಸುತ್ತದೆ ನೋಡಿ. 10.255.0.1ಕ್ಕೂ ಅದೇ ಕಮಾಂಡ್ ಹಾಕಿ. ಎಂರೂಟ್ ಕಮಾಂಡ್‌ನ ಕೊನೆಗೆ ಕೌಂಟ್ ಸೇರಿಸಿದರೆ ಆರ್‌ಪಿಎಫ್ ಫೇಲ್ಡ್ ಅನ್ನುವ ಅಂಕಿ ಬರುತ್ತದೆ. ಅದು ಏರುತ್ತಲೇ ಇದ್ದರೆ ಕಳ್ಳ ಸಿಕ್ಕ. ರೂಟ್ ಸರಿ ಮಾಡಿ, ಇಲ್ಲವೇ ಬ್ಯಾಕಪ್ ದಾರಿಯ ರೂಟರ್‌ಗಳಿಗೂ ಪಿಮ್ ಹಾಕಿ. ನನ್ನ ಸಲಹೆ ಎರಡನೆಯದು. ಮುಖ್ಯ ಲೈನ್ ಕಿತ್ತ ದಿನವೂ ಚಿತ್ರ ನಿಲ್ಲುವುದಿಲ್ಲ.

ಟಿವಿ ಇನ್ನೂ ಬಂದಿಲ್ಲದಿದ್ದರೆ ಗದಗಿನ ವಿಲ್ಯಾನ್ 30ರಲ್ಲಿ ಐಪಿ ಐಜಿಎಂಪಿ ಜಾಯಿನ್-ಗ್ರೂಪ್ 239.20.1.10 ಹಾಕಬಹುದು, ಆಗ ರೂಟರ್ ತಾನೇ ನೋಡುಗನಾಗುತ್ತದೆ. ಧಾರವಾಡದಿಂದ ಆ ಗ್ರೂಪ್‌ಗೆ ಪಿಂಗ್ ಮಾಡಿದರೆ ಉತ್ತರ ಕೊಡುತ್ತದೆ. ಪರೀಕ್ಷೆ ಮುಗಿದ ಕೂಡಲೇ ತೆಗೆಯಿರಿ. ಬಿಟ್ಟರೆ ವಿಡಿಯೊ ಪೂರ್ತಿ ರೂಟರ್‌ನ ಸಿಪಿಯುಗೆ ಏರಿ ರೂಟರ್ ಕುಸಿಯಬಹುದು.

ಹಂತ 8: ಜನರಿಗೆ ಕೊಡುವ ಮುಂಚೆ

ಮೊಬೈಲ್‌ನಲ್ಲಿ ನೋಡುತ್ತೇವೆ ಅನ್ನುವವರು ಇದ್ದೇ ಇರುತ್ತಾರೆ. ವೈಫೈ ಆಕ್ಸೆಸ್ ಪಾಯಿಂಟ್ ಮಲ್ಟಿಕಾಸ್ಟ್ ಪ್ಯಾಕೆಟ್ಟನ್ನು ಅತಿ ಕಡಿಮೆ ವೇಗದಲ್ಲಿ ಕಳಿಸುತ್ತದೆ, ಮುಟ್ಟಿತಾ ಅಂತಲೂ ಕೇಳುವುದಿಲ್ಲ. ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಅದರ ಜೊತೆ ಉಳಿದವರ ವೈಫೈಯೂ ನಿಧಾನವಾಗುತ್ತದೆ. ಆಕ್ಸೆಸ್ ಪಾಯಿಂಟ್‌ನಲ್ಲಿ ಮಲ್ಟಿಕಾಸ್ಟ್ ಟು ಯುನಿಕಾಸ್ಟ್ ಅನ್ನುವ ಸೆಟ್ಟಿಂಗ್ ಇದ್ದರೆ ಆನ್ ಮಾಡಿ. ಇಲ್ಲದಿದ್ದರೆ ವೈಫೈ ವಿಲ್ಯಾನ್‌ಗೆ ಪಿಮ್ ಹಾಕಲೇಬೇಡಿ.

ಮೂರೂ ರೂಟರ್‌ನಲ್ಲಿ ರೈಟ್ ಮೆಮೊರಿ ಹಾಕಿ, ಸೆಟ್ಟಿಂಗ್ ಉಳಿಸಿ. ಆಮೇಲೆ ಒಂದು ರಜೆಯ ದಿನ ಟಿವಿ ಹಚ್ಚಿಟ್ಟುಕೊಂಡು ಹುಬ್ಬಳ್ಳಿಯ ಆರ್‌ಪಿ ಲೂಪ್‌ಬ್ಯಾಕನ್ನು ಶಟ್‌ಡೌನ್ ಮಾಡಿ ನೋಡಿ. ನೋಡುತ್ತಿದ್ದ ಟಿವಿಯಲ್ಲಿ ಚಿತ್ರ ಸ್ವಲ್ಪ ಹೊತ್ತು ಹಾಗೇ ಬರುತ್ತಿರುತ್ತದೆ, ಯಾಕೆಂದರೆ ಅದು ನೇರ ದಾರಿಗೆ ದಾಟಿಯಾಗಿದೆ. ಈಗ ಪಿಮ್ ಇದ್ದೂ ಈ ವಿಡಿಯೊ ಇನ್ನೂ ಹಾಯದ ಬೇರೊಂದು ರೂಟರ್‌ನ ಕೆಳಗೆ ಹೊಸ ಟಿವಿ ಹಚ್ಚಿ. ಅದರಲ್ಲಿ ಕಪ್ಪು ಪರದೆ. ಮುಂದೆ ಯಾರಾದರೂ ಫೋನ್ ಮಾಡಿ "ಹಳೇ ಟಿವಿಗೆ ಬರ್ತೈತ್ರಿ, ಹೊಸಾದಕ್ಕ ಬರವಲ್ದು" ಅಂದರೆ ಮೊದಲು ಆರ್‌ಪಿಗೆ ಪಿಂಗ್ ಮಾಡಿ.